ರೇಖಾತ್ಮಕ ಫಂಕ್ಷನ್‌ನ ವಿಲೋಮ: ಹೋದ ದಾರಿಯಲ್ಲೇ ಹಿಂದಿರುಗುವ ಲೆಕ್ಕ

ಒಂದು ಸಂಖ್ಯೆಯನ್ನು 3ರಿಂದ ಗುಣಿಸಿ 7 ಕೂಡಿಸಿದರೆ 22 ಬರುತ್ತದೆ. ಆ ಸಂಖ್ಯೆ ಯಾವುದು? ಏಳನೇ ತರಗತಿಯ ಮಕ್ಕಳೂ ಇದನ್ನು ಬಾಯಲ್ಲೇ ಮಾಡುತ್ತಾರೆ. 22ರಲ್ಲಿ 7 ಕಳೆದರೆ 15, ಅದನ್ನು 3ರಿಂದ ಭಾಗಿಸಿದರೆ 5. ಇದೇ ಲೆಕ್ಕವನ್ನು ಪಿಯುಸಿಯಲ್ಲಿ “ಈ ಫಂಕ್ಷನ್‌ನ ವಿಲೋಮವನ್ನು ಕಂಡುಹಿಡಿಯಿರಿ” ಎಂದು ಕೇಳಿದರೆ ಅದೇ ಮಕ್ಕಳು ಪೆನ್ನು ಹಿಡಿದು ಯೋಚನೆಗೆ ಬೀಳುತ್ತಾರೆ. “ಎರಡು ಅಕ್ಷರಗಳನ್ನು ಅದಲುಬದಲು ಮಾಡಬೇಕು” ಎಂಬ ಸೂತ್ರವೊಂದು ನೆನಪಿರುತ್ತದೆ. ಯಾಕೆ ಮಾಡಬೇಕು, ಯಾವಾಗ ಮಾಡಬೇಕು ಎಂಬುದು ನೆನಪಿರುವುದಿಲ್ಲ.

ವಿಲೋಮ ಎಂದರೆ ಮಾಡಿದ್ದನ್ನು ಬಿಚ್ಚುವುದು, ಅದೂ ಕೊನೆಯಲ್ಲಿ ಮಾಡಿದ್ದನ್ನು ಮೊದಲು ಬಿಚ್ಚುವುದು. ಊರಿಗೆ ಹೊರಟಾಗ ಬಾಗಿಲು ಎಳೆದು, ಚಿಲಕ ಹಾಕಿ, ಬೀಗ ಜಡಿಯುತ್ತೇವೆ. ವಾಪಸು ಬಂದಾಗ ಮೊದಲು ಬೀಗ, ಆಮೇಲೆ ಚಿಲಕ, ಕೊನೆಗೆ ಬಾಗಿಲು. ಈ ಲೇಖನದಲ್ಲಿ ಬರುವ ತಪ್ಪುಗಳಲ್ಲಿ ಹೆಚ್ಚಿನವು ಬೀಗ ತೆಗೆಯದೆ ಬಾಗಿಲು ತಳ್ಳಿದ್ದರಿಂದಲೇ ಆದವು.

ಅಕ್ಷರಗಳು ಮತ್ತು ಹೆಸರುಗಳು

ಪಠ್ಯಪುಸ್ತಕಗಳು ಎಕ್ಸ್, ವೈ ಎಂದು ಬರೆಯುವಲ್ಲಿ ಇಲ್ಲಿ ಕ, ಬ ಎಂದು ಬರೆದಿದೆ. ಕ ಎಂದರೆ ಫಂಕ್ಷನ್‌ಗೆ ಕೊಟ್ಟ ಸಂಖ್ಯೆ, ಬ ಎಂದರೆ ಅದರಿಂದ ಬಂದ ಸಂಖ್ಯೆ. ಫಂಕ್ಷನ್‌ನ ಹೆಸರು ಫ. ಹಾಗಾಗಿ ಬ = ಫ(ಕ). ಫಂಕ್ಷನ್‌ಗೆ ಕೆಲವು ಕನ್ನಡ ಪುಸ್ತಕಗಳಲ್ಲಿ “ಉತ್ಪನ್ನ” ಎಂದೂ ಕೆಲವುಗಳಲ್ಲಿ “ಫಲನ” ಎಂದೂ ಇರುತ್ತದೆ; ವಿಲೋಮಕ್ಕೆ “ಪ್ರತಿಲೋಮ” ಎಂದೂ ಹೇಳುತ್ತಾರೆ. ಎಲ್ಲವೂ ಒಂದೇ.

ರೇಖಾತ್ಮಕ ಫಂಕ್ಷನ್‌ನ ಸಾಮಾನ್ಯ ರೂಪ ಹೀಗಿರುತ್ತದೆ:

ಫ(ಕ) = ಮಕ + ಸ

ಇಲ್ಲಿ ಮ ಮತ್ತು ಸ ಸ್ಥಿರಾಂಕಗಳು. ಮ ಎಂಬುದು ಕ ಅನ್ನು ಗುಣಿಸುವ ಸಹಗುಣಕ, ಗ್ರಾಫ್‌ನಲ್ಲಿ ಅದೇ ರೇಖೆಯ ಇಳಿಜಾರು. ಸ ಎಂಬುದು ಕೊನೆಗೆ ಸೇರಿಸುವ ಸಂಖ್ಯೆ. ವಿಲೋಮ ಫಂಕ್ಷನ್ ಅನ್ನು ಫ⁻¹ ಎಂದು ಬರೆಯುತ್ತಾರೆ.

ಮೊದಲ ಗುಂಡಿ ಇಲ್ಲೇ ಇದೆ. ಫ⁻¹ರಲ್ಲಿರುವ −1 ಘಾತಾಂಕವಲ್ಲ. 5⁻¹ ಎಂದರೆ 1/5 ಹೌದು, ಆದರೆ ಫ⁻¹ ಎಂದರೆ 1/ಫ ಅಲ್ಲ. ಫ(ಕ) = 3ಕ + 7 ಆದಾಗ ಫ⁻¹(22) ಎಂದರೆ “22 ಬರಬೇಕಾದರೆ ಏನು ಕೊಟ್ಟಿರಬೇಕು?” ಎಂಬ ಪ್ರಶ್ನೆ, ಉತ್ತರ 5. ಅದನ್ನು 1/ಫ ಎಂದು ತಿಳಿದವರು 3 × 22 + 7 = 73 ಮಾಡಿ 1/73 ಎಂದು ಬರೆಯುತ್ತಾರೆ. ಎರಡಕ್ಕೂ ಸಂಬಂಧವೇ ಇಲ್ಲ.

ಮೂಲ ವಿಧಾನ

ಫ(ಕ) = 3ಕ + 7 ಅನ್ನೇ ತೆಗೆದುಕೊಳ್ಳೋಣ.

1. ಫ(ಕ) ಇರುವ ಜಾಗದಲ್ಲಿ ಬ ಎಂದು ಬರೆಯಿರಿ: ಬ = 3ಕ + 7.

2. ಕ ಎಂಬ ಸಂಖ್ಯೆಗೆ ಏನೇನಾಯಿತು ಎಂದು ಕ್ರಮವಾಗಿ ಓದಿ, ಪಕ್ಕದಲ್ಲಿ ಸಣ್ಣದಾಗಿ ಬರೆದುಕೊಳ್ಳಿ: “3ರಿಂದ ಗುಣಿಸು, 7 ಕೂಡಿಸು.”

3. ಆ ಸಾಲನ್ನು ಹಿಂದಿನಿಂದ ಮುಂದಕ್ಕೆ ಓದುತ್ತಾ ಒಂದೊಂದಕ್ಕೂ ವಿರುದ್ಧ ಕ್ರಿಯೆ ಮಾಡಿ. ಕೊನೆಯದು 7 ಕೂಡಿಸಿದ್ದು, ಆದ್ದರಿಂದ ಎರಡೂ ಬದಿಯಲ್ಲಿ 7 ಕಳೆಯಿರಿ: ಬ − 7 = 3ಕ. ಅದರ ಹಿಂದಿನದು 3ರಿಂದ ಗುಣಿಸಿದ್ದು, ಆದ್ದರಿಂದ ಎರಡೂ ಬದಿಯನ್ನು 3ರಿಂದ ಭಾಗಿಸಿ: (ಬ − 7)/3 = ಕ.

4. ಒಂದು ಸಂಖ್ಯೆ ಹಾಕಿ ತಾಳೆ ನೋಡಿ. ಕ = 5 ಕೊಟ್ಟರೆ 22 ಬರುತ್ತದೆ; 22 ಅನ್ನು ವಿಲೋಮಕ್ಕೆ ಹಾಕಿದರೆ (22 − 7)/3 = 5. ಹೊರಟಲ್ಲಿಗೇ ವಾಪಸು ಬಂದೆವು.

5. ಪರೀಕ್ಷೆಯ ಉತ್ತರಕ್ಕಾದರೆ ಕೊನೆಯಲ್ಲಿ ಅಕ್ಷರ ಬದಲಿಸಿ ಬರೆಯಿರಿ: ಫ⁻¹(ಕ) = (ಕ − 7)/3.

ಭಾಗಿಸುವಾಗ ಗಮನವಿರಲಿ. ಇಡೀ (ಬ − 7) 3ರಿಂದ ಭಾಗವಾಗಬೇಕು. ಕೈಬರಹದಲ್ಲಿ ಭಾಗಾಕಾರದ ಗೆರೆಯನ್ನು ಗಿಡ್ಡವಾಗಿ 7ರ ಕೆಳಗೆ ಮಾತ್ರ ಎಳೆದರೆ ಅದು ಬ − 7/3 ಆಗುತ್ತದೆ, ಮುಂದಿನ ಸಾಲಿನಲ್ಲಿ ನೀವೇ ಅದನ್ನು ಹಾಗೆ ಓದಿಬಿಡುತ್ತೀರಿ. ಗೆರೆ ಉದ್ದವಾಗಿರಲಿ, ಇಲ್ಲವೇ ಆವರಣ ಹಾಕಿ.

ಮಕ + ಸ ಎಂಬ ಸಾಮಾನ್ಯ ರೂಪಕ್ಕೆ ಇದೇ ಕೆಲಸ ಮಾಡಿದರೆ ಸಿಗುವುದು (ಬ − ಸ)/ಮ. ಬಿಡಿಸಿ ಬರೆದರೆ (1/ಮ)ಬ − ಸ/ಮ. ಅಂದರೆ ರೇಖಾತ್ಮಕ ಫಂಕ್ಷನ್‌ನ ವಿಲೋಮವೂ ರೇಖಾತ್ಮಕವೇ. ಅದರ ಇಳಿಜಾರು 1/ಮ. ಸ್ಥಿರಾಂಕ −ಸ/ಮ, ಬರೀ −ಸ ಅಲ್ಲ. “3ರ ಬದಲು 1/3, 7ರ ಬದಲು −7” ಎಂದು ಅವಸರದಲ್ಲಿ ಕ/3 − 7 ಬರೆಯುವವರು ಬಹಳ ಜನ. 22 ಹಾಕಿ ನೋಡಿದರೆ 0.33 ಬರುತ್ತದೆ, ಬರಬೇಕಾಗಿದ್ದದ್ದು 5. ಕ್ರಿಯೆಗಳು ವಿರುದ್ಧವಾದವು, ಕ್ರಮ ಮಾತ್ರ ಹಾಗೇ ಉಳಿದುಬಿಟ್ಟಿತು.

ಅಕ್ಷರ ಅದಲುಬದಲು ಮೊದಲೋ, ಕೊನೆಗೋ?

ಅನೇಕ ಕಡೆ ಮೊದಲೇ ಕ ಮತ್ತು ಬ ಅದಲುಬದಲು ಮಾಡಿಸಿ (ಕ = 3ಬ + 7), ಆಮೇಲೆ ಬ ಬಿಡಿಸುವಂತೆ ಕಲಿಸುತ್ತಾರೆ. ಉತ್ತರ ಒಂದೇ ಬರುತ್ತದೆ. ಆದರೂ ಕೊನೆಗೆ ಬದಲಿಸುವುದೇ ಒಳ್ಳೆಯದು. ಮೊದಲೇ ಬದಲಿಸಿದರೆ ಲೆಕ್ಕದ ನಡುವೆ ಯಾವ ಅಕ್ಷರ ಏನನ್ನು ಸೂಚಿಸುತ್ತಿದೆ ಎಂಬ ಹಿಡಿತ ತಪ್ಪುತ್ತದೆ. ಇನ್ನು ಕೆಲವರು ಮೊದಲೊಮ್ಮೆ ಬದಲಿಸಿದ್ದನ್ನು ಮರೆತು ಕೊನೆಗೆ ಮತ್ತೊಮ್ಮೆ ಬದಲಿಸುತ್ತಾರೆ, ಉತ್ತರವೇ ಉಲ್ಟಾ ಆಗುತ್ತದೆ.

ಬದಲಿಸುವುದಾದರೂ ಏಕೆ? ಫಂಕ್ಷನ್‌ಗೆ ಕೊಡುವ ಸಂಖ್ಯೆಯನ್ನು ಯಾವಾಗಲೂ ಒಂದೇ ಅಕ್ಷರದಿಂದ ಕರೆಯುವ ರೂಢಿ ಇರುವುದರಿಂದ, ಮತ್ತು ಎರಡೂ ರೇಖೆಗಳನ್ನು ಒಂದೇ ಗ್ರಾಫ್ ಹಾಳೆಯಲ್ಲಿ ಎಳೆಯುವುದಕ್ಕೆ ಅದು ಬೇಕಾಗಿರುವುದರಿಂದ. ಅಷ್ಟೇ.

ಅಕ್ಷರಗಳಿಗೆ ನಿಜವಾದ ಅರ್ಥ ಇರುವಲ್ಲಿ ಬದಲಿಸಲೇಬೇಡಿ. ಉಷ್ಣತೆಯ ಲೆಕ್ಕ ನೋಡಿ:

ಫ್ಯಾರನ್‌ಹೀಟ್ = 1.8 × ಸೆಲ್ಸಿಯಸ್ + 32

ಇದರ ವಿಲೋಮ: ಸೆಲ್ಸಿಯಸ್ = (ಫ್ಯಾರನ್‌ಹೀಟ್ − 32)/1.8. ಜ್ವರದ ಥರ್ಮಾಮೀಟರ್ 98.6 ತೋರಿಸಿದರೆ 66.6/1.8 = 37. ಹೆಸರುಗಳನ್ನು ಇಲ್ಲಿ ಅದಲುಬದಲು ಮಾಡಿದರೆ ಸೂತ್ರ ಸುಳ್ಳಾಗುತ್ತದೆ. ಮೊದಲು ಭಾಗಿಸಿ ಆಮೇಲೆ 32 ಕಳೆದರೆ 22.8 ಬರುತ್ತದೆ, ಅದು ಜೀವಂತ ಮನುಷ್ಯನ ಮೈ ಬಿಸಿಯಲ್ಲ. ಬಂದ ಉತ್ತರ ಲೋಕದಲ್ಲಿ ನಡೆಯುವಂಥದ್ದೇ ಎಂದು ಒಮ್ಮೆ ನೋಡಿಕೊಂಡರೆ ಇಂಥ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇದೇ ಸೂತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜ್ವರ ಎಷ್ಟು ಡಿಗ್ರಿ ಏರಿತು ಎಂಬ ವ್ಯತ್ಯಾಸವನ್ನು ಬದಲಿಸುವಾಗ 32 ಬರುವುದೇ ಇಲ್ಲ. ಎರಡು ಅಳತೆಗಳನ್ನು ಒಂದರಿಂದೊಂದು ಕಳೆದಾಗ ಎರಡರಲ್ಲೂ ಇರುವ 32 ಹೊಡೆದುಹೋಗುತ್ತದೆ. ಹಾಗಾಗಿ 3.6 ಡಿಗ್ರಿ ಫ್ಯಾರನ್‌ಹೀಟ್ ಏರಿದರೆ 2 ಡಿಗ್ರಿ ಸೆಲ್ಸಿಯಸ್ ಏರಿದಂತೆ, 3.6/1.8 ಅಷ್ಟೇ.

ಬೇರೆ ಬೇರೆ ವೇಷದಲ್ಲಿ ಬಂದಾಗ

ಭಿನ್ನರಾಶಿಯ ಎರಡು ರೂಪಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು, ಏಕೆಂದರೆ ಮೇಲ್ನೋಟಕ್ಕೆ ಅವು ಅವಳಿಗಳಂತೆ ಕಾಣುತ್ತವೆ.

(2ಕ − 5)/3
(2/3)ಕ − 5

ಮೊದಲನೆಯದರಲ್ಲಿ ಕ್ರಮ ಹೀಗಿದೆ: 2ರಿಂದ ಗುಣಿಸು, 5 ಕಳೆ, 3ರಿಂದ ಭಾಗಿಸು. ಹಿಂದಿನಿಂದ ಬಿಚ್ಚಿದರೆ: 3ರಿಂದ ಗುಣಿಸು, 5 ಕೂಡಿಸು, 2ರಿಂದ ಭಾಗಿಸು. ವಿಲೋಮ (3ಬ + 5)/2. ಕ = 7 ಹಾಕಿದರೆ 9/3 = 3; ವಾಪಸು (9 + 5)/2 = 7. ಸರಿ.

ಎರಡನೆಯದರಲ್ಲಿ 5 ಕಳೆದದ್ದೇ ಕೊನೆ. ಹಾಗಾಗಿ ಮೊದಲು 5 ಕೂಡಿಸಿ, ಆಮೇಲೆ 2/3ರ ವ್ಯುತ್ಕ್ರಮವಾದ 3/2ರಿಂದ ಗುಣಿಸಬೇಕು. ವಿಲೋಮ (3/2)(ಬ + 5). ಕ = 9 ಹಾಕಿದರೆ 6 − 5 = 1; ವಾಪಸು 1.5 × 6 = 9. ಇದೂ ಸರಿ. ಆವರಣ ಬಿಟ್ಟು (3/2)ಬ + 5 ಎಂದು ಬರೆದರೆ 9ರ ಬದಲು 6.5 ಬರುತ್ತದೆ.

ಋಣ ಚಿಹ್ನೆ ಇದ್ದರೆ ಇನ್ನಷ್ಟು ನಿಧಾನ ಬೇಕು. ಬ = 7 − 4ಕ. ಇದನ್ನು “7ರಲ್ಲಿ 4ಕ ಕಳೆ” ಎಂದು ಓದುವ ಬದಲು “−4ರಿಂದ ಗುಣಿಸು, 7 ಕೂಡಿಸು” ಎಂದು ಓದಿಕೊಳ್ಳಿ. ಆಗ ಬಿಚ್ಚುವ ಕ್ರಮ ತಾನಾಗಿಯೇ ಸಿಗುತ್ತದೆ: ಬ − 7 = −4ಕ, ಆಮೇಲೆ ಕ = (ಬ − 7)/(−4). ಅಂಶ ಮತ್ತು ಛೇದ ಎರಡರ ಚಿಹ್ನೆಯನ್ನೂ ಬದಲಿಸಿದರೆ ಚೊಕ್ಕಟವಾಗಿ (7 − ಬ)/4. ಪಕ್ಷಾಂತರ ಮಾಡುವ ಭರದಲ್ಲಿ 4ರ ಮುಂದಿದ್ದ ಋಣ ಚಿಹ್ನೆ ಬಿದ್ದುಹೋಗಿ (ಬ − 7)/4 ಆಗುವುದು ಇಲ್ಲಿಯ ಮಾಮೂಲಿ ತಪ್ಪು. “ಆ ಕಡೆಯಿಂದ ಈ ಕಡೆಗೆ ಹೋದರೆ ಚಿಹ್ನೆ ಬದಲಾಗುತ್ತದೆ” ಎಂಬ ನಿಯಮ ಕೂಡಿಸಿದ, ಕಳೆದ ಪದಗಳಿಗೆ ಮಾತ್ರ. ಗುಣಿಸುತ್ತಿರುವ −4 ಆ ಕಡೆ ಹೋದಾಗ −4ರಿಂದಲೇ ಭಾಗಿಸುತ್ತದೆ, ಅದರ ಚಿಹ್ನೆ ಬದಲಾಗುವುದಿಲ್ಲ.

ಆವರಣವಿದ್ದರೆ ಅದನ್ನು ಬಿಡಿಸಲೇಬೇಕೆಂದಿಲ್ಲ. 5(ಕ − 3) + 2 ಎಂದರೆ 3 ಕಳೆ, 5ರಿಂದ ಗುಣಿಸು, 2 ಕೂಡಿಸು. ವಿಲೋಮ ನೇರವಾಗಿ (ಬ − 2)/5 + 3. ಬಿಡಿಸಿ 5ಕ − 13 ಮಾಡಿಕೊಂಡವರಿಗೆ (ಬ + 13)/5 ಸಿಗುತ್ತದೆ, ಎರಡೂ ಒಂದೇ. ಆದರೆ ಕ ಎರಡು ಕಡೆ ಬಂದಿದ್ದರೆ ಬಿಡಿಸದೆ ದಾರಿಯಿಲ್ಲ. 6ಕ − 2(ಕ + 5) ಎಂಬಲ್ಲಿ ಕ ನಡೆದ ದಾರಿ ಎರಡು ಕವಲಾಗಿದೆ, ಯಾವುದನ್ನು ಹಿಡಿದು ಹಿಂದಿರುಗುವುದು? ಮೊದಲು 4ಕ − 10 ಎಂದು ಒಂದೇ ದಾರಿ ಮಾಡಿಕೊಂಡು, ಆಮೇಲೆ (ಬ + 10)/4.

ದಶಮಾಂಶಗಳಿದ್ದರೆ ಎರಡೂ ಬದಿಯನ್ನು 10ರಿಂದಲೋ 100ರಿಂದಲೋ ಗುಣಿಸಿ ಪೂರ್ಣಾಂಕ ಮಾಡಿಕೊಳ್ಳಬಹುದು. ಬ = 0.4ಕ + 1.2 ಎಂಬುದು 10ಬ = 4ಕ + 12 ಆಗುತ್ತದೆ, ಅದರಿಂದ ಕ = 2.5ಬ − 3. ಎಡಬದಿಯ ಬ ಅನ್ನು 10ರಿಂದ ಗುಣಿಸಲು ಮರೆಯುವುದು ಇಲ್ಲಿಯ ಅಪಾಯ.

ತಾಳೆ ನೋಡುವಾಗ 0 ಹಾಕಬೇಡಿ

ತಾಳೆ ನೋಡುವುದಕ್ಕೆ ಹೆಚ್ಚೆಂದರೆ ಅರ್ಧ ನಿಮಿಷ. ಆದರೆ ಯಾವ ಸಂಖ್ಯೆ ಹಾಕುತ್ತೀರಿ ಎಂಬುದು ಮುಖ್ಯ. ಸುಲಭವೆಂದು 0 ಹಾಕುವವರೇ ಜಾಸ್ತಿ. ಮೇಲಿನ 7 − 4ಕ ತೆಗೆದುಕೊಳ್ಳಿ: 0 ಕೊಟ್ಟರೆ 7 ಬರುತ್ತದೆ. ತಪ್ಪು ವಿಲೋಮವಾದ (ಬ − 7)/4ಕ್ಕೆ 7 ಹಾಕಿದರೂ 0 ಬರುತ್ತದೆ! ತಪ್ಪು ಉತ್ತರವೂ ಪಾಸಾಯಿತು. ಶೂನ್ಯವನ್ನು ಯಾವುದರಿಂದ ಗುಣಿಸಿದರೂ ಭಾಗಿಸಿದರೂ ಶೂನ್ಯವೇ ಆದ್ದರಿಂದ ಗುಣಕದ ತಪ್ಪನ್ನು ಅದು ಮುಚ್ಚಿಹಾಕುತ್ತದೆ. 3 ಹಾಕಿ ನೋಡಿ: 7 − 12 = −5. ಸರಿಯಾದ ವಿಲೋಮ (7 + 5)/4 = 3 ಕೊಡುತ್ತದೆ, ತಪ್ಪಾದದ್ದು −3 ಕೊಟ್ಟು ಸಿಕ್ಕಿಬೀಳುತ್ತದೆ. 0 ಮತ್ತು 1 ಬಿಟ್ಟು, ಲೆಕ್ಕದಲ್ಲಿ ಈಗಾಗಲೇ ಇರುವ ಸಂಖ್ಯೆಗಳನ್ನೂ ಬಿಟ್ಟು, ಬೇರೆ ಯಾವುದಾದರೂ ಸಣ್ಣ ಸಂಖ್ಯೆ ಆರಿಸಿ.

ಪರೀಕ್ಷೆಯಲ್ಲಿ “ವಿಲೋಮ ಎಂದು ತೋರಿಸಿ” ಎಂದು ಕೇಳಿದರೆ ಒಂದು ಸಂಖ್ಯೆ ಸಾಲದು. ಅಕ್ಷರದಲ್ಲೇ ಎರಡೂ ದಿಕ್ಕಿನಿಂದ ತೋರಿಸಬೇಕು:

ಫ⁻¹(ಫ(ಕ)) = ((3ಕ + 7) − 7)/3 = ಕ
ಫ(ಫ⁻¹(ಕ)) = 3 × (ಕ − 7)/3 + 7 = ಕ

ಶೇಕಡಾ ಲೆಕ್ಕದಲ್ಲಿ ದುಡ್ಡು ಕಳೆದುಕೊಳ್ಳುವ ಜಾಗ

ದಿನನಿತ್ಯ ವಿಲೋಮ ತಪ್ಪುವುದು ಹೆಚ್ಚಾಗಿ ಬಿಲ್ಲುಗಳಲ್ಲಿ. 18% ಜಿಎಸ್‌ಟಿ ಸೇರಿ ಒಂದು ವಸ್ತುವಿಗೆ ₹1180 ಕೊಟ್ಟಿದ್ದೀರಿ. ತೆರಿಗೆ ಬಿಟ್ಟು ಅದರ ಬೆಲೆ ಎಷ್ಟು? “18% ಕೂಡಿಸಿದ್ದರಲ್ಲವೇ, 18% ಕಳೆದರಾಯಿತು” ಎಂದು ಕ್ಯಾಲ್ಕ್ಯುಲೇಟರ್ ಒತ್ತಿದರೆ 1180ರ 18% ₹212.40, ಉಳಿದದ್ದು ₹967.60. ಅದಕ್ಕೆ ಮತ್ತೆ 18% ಕೂಡಿಸಿ ನೋಡಿ, ₹1141.77 ಆಗುತ್ತದೆಯೇ ಹೊರತು 1180 ಆಗುವುದಿಲ್ಲ. 18% ಕೂಡಿಸುವುದೆಂದರೆ 1.18ರಿಂದ ಗುಣಿಸುವುದು. ಅದರ ವಿಲೋಮ 1.18ರಿಂದ ಭಾಗಿಸುವುದು. 1180/1.18 = 1000. ಕೂಡಿಸಿದ 18% ₹1000ದ ಮೇಲಿನದು, ಕಳೆದ 18% ₹1180ರ ಮೇಲಿನದು. ಅಡಿಪಾಯವೇ ಬೇರೆಯಾದ ಮೇಲೆ ಎರಡೂ ಹೊಡೆದುಹೋಗುವುದಾದರೂ ಹೇಗೆ?

ನಮ್ಮ ಹಿಂದಿನವರು ಈ ಜಾಗವನ್ನು ಎಷ್ಟು ಚೆನ್ನಾಗಿ ಗುರುತಿಸಿದ್ದರು ಎಂಬುದು ಸಂತೋಷ ಕೊಡುವ ವಿಷಯ. ಗುಣಕಗಳು ಭಾಜಕಗಳಾಗುತ್ತವೆ, ಭಾಜಕಗಳು ಗುಣಕಗಳಾಗುತ್ತವೆ, ಕೂಡಿಸಿದ್ದು ಕಳೆಯುವುದಾಗುತ್ತದೆ, ಕಳೆದದ್ದು ಕೂಡಿಸುವುದಾಗುತ್ತದೆ ಎಂಬ ವಿಲೋಮದ ನಿಯಮವನ್ನು ಆರ್ಯಭಟ 499ರಲ್ಲೇ ತನ್ನ ಆರ್ಯಭಟೀಯದ ಗಣಿತಪಾದದಲ್ಲಿ ಒಂದೇ ಶ್ಲೋಕದಲ್ಲಿ ಹೇಳಿದ್ದಾನೆ. 1150ರಲ್ಲಿ ಎರಡನೇ ಭಾಸ್ಕರಾಚಾರ್ಯ ಲೀಲಾವತಿಯಲ್ಲಿ ಅದೇ ನಿಯಮವನ್ನು ವಿಸ್ತರಿಸಿ ಒಂದು ಎಚ್ಚರಿಕೆ ಸೇರಿಸುತ್ತಾನೆ. ಒಂದು ರಾಶಿಗೆ ಅದರದೇ ಒಂದು ಭಾಗವನ್ನು ಕೂಡಿಸಿದ್ದರೆ, ಹಿಂದಿರುಗುವಾಗ ಆ ಭಾಗವನ್ನು ಸೂಚಿಸುವ ಭಿನ್ನರಾಶಿಯ ಛೇದಕ್ಕೆ ಅಂಶವನ್ನು ಕೂಡಿಸಿ ಹೊಸ ಛೇದ ಮಾಡಿಕೊ. ಕಳೆದಿದ್ದರೆ ಛೇದದಿಂದ ಅಂಶವನ್ನು ಕಳೆ. ಅಂಶ ಮಾತ್ರ ಹಾಗೇ ಇರಲಿ.

ಇದನ್ನು ನಮ್ಮ ಬಿಲ್ಲಿಗೆ ಹಚ್ಚೋಣ. ಕೂಡಿಸಿದ್ದು 18/100. ಹಿಂದಿರುಗುವಾಗ ಕಳೆಯಬೇಕಾದದ್ದು 18/118. 1180ರ 18/118 ಎಂದರೆ ₹180. ಸರಿಯಾದ ತೆರಿಗೆ! 5% ತೆರಿಗೆಯಾದರೆ 5/105, ಅಂದರೆ 1/21. ಊಟದ ಬಿಲ್ಲು 5% ಸೇರಿ ₹420 ಆಗಿದ್ದರೆ 21ರಿಂದ ಭಾಗಿಸಿ: ತೆರಿಗೆ ₹20, ಊಟ ₹400. ರಿಯಾಯಿತಿಗೂ ಹೀಗೇ. 20% ಕಡಿತವೆಂದರೆ 1/5 ಕಳೆದದ್ದು. ಹಿಂದಿರುಗುವಾಗ 1/4 ಕೂಡಿಸಬೇಕು. ₹800ಕ್ಕೆ ಸಿಕ್ಕ ಸೀರೆಯ ಮೂಲ ಬೆಲೆ 800 + 200 = ₹1000.

ಬಿಲ್ಲಿನಲ್ಲಿ ಡೆಲಿವರಿ ಚಾರ್ಜೂ ಇದ್ದರೆ ಅದು ತೆರಿಗೆಗೆ ಮುಂಚೆ ಸೇರಿದೆಯೋ ಆಮೇಲೆ ಸೇರಿದೆಯೋ ಎಂದು ಮೊದಲು ನೋಡಿ. ₹50 ಕೊನೆಗೆ ಸೇರಿದ್ದರೆ ಬ = 1.18ಕ + 50. ₹1230ರ ಬಿಲ್ಲಿನಿಂದ (1230 − 50)/1.18 = ₹1000. ₹50ಕ್ಕೂ ತೆರಿಗೆ ಬಿದ್ದಿದ್ದರೆ ಬ = 1.18(ಕ + 50), ಆಗ 1230/1.18 − 50 = ₹992.37. ಅದೇ ಬಿಲ್ಲು, ಅದೇ ಅಂಕಿಗಳು, ಕ್ರಮ ಬೇರೆಯಾಗಿದ್ದಕ್ಕೆ ಉತ್ತರ ಬೇರೆ.

ಎಲ್ಲಿಯವರೆಗೆ ನಂಬಬಹುದು

ವಿಲೋಮದ ಸೂತ್ರ ಬರೆದರಷ್ಟೇ ಸಾಲದು, ಅದಕ್ಕೆ ಯಾವ ಸಂಖ್ಯೆಗಳನ್ನು ಕೊಡಬಹುದು ಎಂಬುದನ್ನೂ ಹೇಳಬೇಕು. ಫಂಕ್ಷನ್‌ಗೆ ಕೊಡಬಹುದಾದ ಸಂಖ್ಯೆಗಳ ಗಣ ಅದರ ಕ್ಷೇತ್ರ, ಅದರಿಂದ ಬರುವ ಸಂಖ್ಯೆಗಳ ಗಣ ಅದರ ವ್ಯಾಪ್ತಿ. ಮೂಲ ಫಂಕ್ಷನ್‌ನ ಕ್ಷೇತ್ರ ವಿಲೋಮದ ವ್ಯಾಪ್ತಿಯಾಗುತ್ತದೆ, ಮೂಲದ ವ್ಯಾಪ್ತಿ ವಿಲೋಮದ ಕ್ಷೇತ್ರವಾಗುತ್ತದೆ.

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಇಂಜಿನಿಯರಿಂಗ್‌ನ 2018ರ ಸ್ಕೀಮ್‌ನವರಿಗೆ, ಅಂದರೆ ಆ ವರ್ಷದ ಪಠ್ಯಕ್ರಮದವರಿಗೆ, ಪರಿಚಿತವಾದ ಸೂತ್ರವೊಂದಿದೆ. ಎಲ್ಲ ಸೆಮಿಸ್ಟರ್‌ಗಳ ಒಟ್ಟು ಸರಾಸರಿ ಗ್ರೇಡ್ ಅಂಕವಾದ ಸಿಜಿಪಿಎಯನ್ನು ಅದು ಶೇಕಡಾಕ್ಕೆ ಬದಲಿಸುತ್ತದೆ: ಶೇಕಡಾ = (ಸಿಜಿಪಿಎ − 0.75) × 10. ಕಂಪನಿಯೊಂದು 60% ಕೇಳಿದರೆ ಎಷ್ಟು ಸಿಜಿಪಿಎ ಬೇಕು? 10ರಿಂದ ಭಾಗಿಸಿ, 0.75 ಕೂಡಿಸಿ: 6.75. ಕ್ರಮ ತಪ್ಪಿಸಿ (60 + 0.75)/10 ಮಾಡಿದವರಿಗೆ 6.075 ಬಂದು, ಅರ್ಹತೆ ಇಲ್ಲದ ಕಡೆ ಅರ್ಜಿ ಹಾಕಿದಂತಾಗುತ್ತದೆ. ಈಗ 95%ಗೆ ಎಷ್ಟು ಬೇಕು ಎಂದು ಕೇಳಿ. ಸೂತ್ರ 10.25 ಎನ್ನುತ್ತದೆ. ಸಿಜಿಪಿಎ 10ಕ್ಕಿಂತ ಮೇಲೆ ಹೋಗುವುದೇ ಇಲ್ಲ. 10 ಹಾಕಿದರೆ 92.5%, ಆದ್ದರಿಂದ ಈ ವಿಲೋಮಕ್ಕೆ 92.5ಕ್ಕಿಂತ ಹೆಚ್ಚಿನ ಸಂಖ್ಯೆ ಕೊಡುವಂತಿಲ್ಲ. ಸೂತ್ರ ಯಾವ ಸಂಖ್ಯೆಗೂ ಉತ್ತರ ಕೊಡುತ್ತದೆ, ಆ ಉತ್ತರಕ್ಕೆ ಅರ್ಥವಿದೆಯೇ ಎಂದು ನೋಡಬೇಕಾದವರು ನಾವು.

ಇನ್ನು ಬೆಂಗಳೂರಿನ ಆಟೋ ಮೀಟರ್. 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ ₹36, ಆಮೇಲೆ ಪ್ರತಿ ಕಿಲೋಮೀಟರಿಗೆ ₹18. ಕಾಯುವ ಶುಲ್ಕ, ರಾತ್ರಿಯ ದರ ಬಿಟ್ಟು ಲೆಕ್ಕ ಹಾಕಿದರೆ, 2 ಕಿಲೋಮೀಟರು ದಾಟಿದ ಮೇಲೆ:

ಬ = 36 + 18(ಕ − 2)

ಮೀಟರ್ ₹126 ತೋರಿಸಿದರೆ ಎಷ್ಟು ದೂರ ಬಂದಿರಿ? 36 ಕಳೆದರೆ 90, 18ರಿಂದ ಭಾಗಿಸಿದರೆ 5, ಕೊನೆಗೆ 2 ಕೂಡಿಸಿದರೆ 7 ಕಿಲೋಮೀಟರು. ಆ ಕೊನೆಯ 2 ಮರೆತು “5 ಕಿಲೋಮೀಟರಿಗೆ 126 ಆಯ್ತಾ?” ಎಂದು ಚಾಲಕರ ಜೊತೆ ಜಗಳಕ್ಕೆ ನಿಂತರೆ ತಪ್ಪು ನಮ್ಮದೇ. ಆವರಣ ಬಿಡಿಸಿದರೆ ಇನ್ನೂ ಚೆಂದ: 36 + 18ಕ − 36 = 18ಕ. ಎರಡು 36ಗಳೂ ಹೊಡೆದುಹೋದವು. ಮೀಟರಿನ ಮೊತ್ತವನ್ನು 18ರಿಂದ ಭಾಗಿಸಿದರೆ ಸಾಕು, ದೂರ ಸಿಕ್ಕಿತು.

ಆದರೆ ಮೀಟರ್ ₹36ರಲ್ಲೇ ಇದ್ದರೆ? 18ರಿಂದ ಭಾಗಿಸಿ 2 ಕಿಲೋಮೀಟರು ಎನ್ನುವಂತಿಲ್ಲ. ಅರ್ಧ ಕಿಲೋಮೀಟರಿಗೂ 36, ಒಂದೂವರೆಗೂ 36. ಬಂದ ಸಂಖ್ಯೆ ಒಂದೇ, ಕೊಟ್ಟ ಸಂಖ್ಯೆ ಯಾವುದೂ ಆಗಿರಬಹುದು. ಹಿಂದಿರುಗುವ ದಾರಿ ಅಳಿಸಿಹೋಗಿದೆ. ಬೀಜಗಣಿತದಲ್ಲಿ ಇದು ಮ = 0 ಆಗಿರುವ ಸಂದರ್ಭ: ಫ(ಕ) = 36. ಸೂತ್ರದಲ್ಲೂ ಅದು ಕಾಣುತ್ತದೆ, (ಬ − ಸ)/ಮ ಎಂಬಲ್ಲಿ ಛೇದ ಸೊನ್ನೆಯಾಗುತ್ತದೆ. ಅಡ್ಡಲಾಗಿ ಮಲಗಿದ ರೇಖೆಗೆ ವಿಲೋಮ ಇಲ್ಲ.

ಮ ಸೊನ್ನೆಯಲ್ಲದಿದ್ದರೆ, ವಾಸ್ತವ ಸಂಖ್ಯೆಗಳಲ್ಲಿ ವಿಲೋಮ ಇದ್ದೇ ಇರುತ್ತದೆ. ಪೂರ್ಣಾಂಕಗಳಿಂದ ಪೂರ್ಣಾಂಕಗಳಿಗೆ ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ಮಾತ್ರ ಹುಷಾರಾಗಿರಿ. 3ಕ + 7ರಿಂದ 8 ಬರಬೇಕಾದರೆ ಕ = 1/3 ಆಗಬೇಕು, ಅದು ಪೂರ್ಣಾಂಕವಲ್ಲ. ಅಲ್ಲಿ ಫಂಕ್ಷನ್ ಒಂದಕ್ಕೊಂದು (ಬೇರೆ ಬೇರೆ ಸಂಖ್ಯೆ ಕೊಟ್ಟರೆ ಬೇರೆ ಬೇರೆ ಸಂಖ್ಯೆಯೇ ಬರುವಂಥದ್ದು) ಹೌದು, ಆದರೆ ಎಲ್ಲ ಪೂರ್ಣಾಂಕಗಳನ್ನೂ ಮುಟ್ಟುವುದಿಲ್ಲ. ಆದ್ದರಿಂದ ವಿಲೋಮವಿಲ್ಲ ಎಂದೇ ಉತ್ತರ. ಪ್ರಶ್ನೆಯ ಮೊದಲ ಸಾಲಿನಲ್ಲಿ ಯಾವ ಗಣದಿಂದ ಯಾವ ಗಣಕ್ಕೆ ಎಂದಿದೆಯೋ ಅದನ್ನು ಓದದೆ ಮುಂದೆ ಹೋಗಬೇಡಿ.

ಗ್ರಾಫ್‌ನಲ್ಲಿ ಮತ್ತು ಬಿಂದುಗಳಲ್ಲಿ

ಸೂತ್ರ ಕೊಡದೆ ಎರಡು ಬಿಂದುಗಳನ್ನು ಮಾತ್ರ ಕೊಟ್ಟಿದ್ದರೆ ಕೆಲಸ ಇನ್ನೂ ಸುಲಭ. ಫ ಎಂಬುದು (2, 11) ಮತ್ತು (5, 20)ರ ಮೂಲಕ ಹೋಗುತ್ತದೆ ಎಂದಿಟ್ಟುಕೊಳ್ಳಿ. ಮೂಲ ಫಂಕ್ಷನ್ ಕಂಡುಹಿಡಿಯುವ ಗೋಜಿಗೇ ಹೋಗಬೇಕಾಗಿಲ್ಲ. ಬಿಂದುಗಳನ್ನೇ ತಿರುಗಿಸಿ: (11, 2), (20, 5). ಇಳಿಜಾರು (5 − 2)/(20 − 11) = 1/3. ವಿಲೋಮ 2 + (ಕ − 11)/3, ಅಂದರೆ (ಕ − 5)/3. ಒಂದೇ ಬಿಂದುವನ್ನು ತಿರುಗಿಸಿ ಇನ್ನೊಂದನ್ನು ಹಾಗೇ ಬಿಡುವ ತಪ್ಪು ಆಗದಿರಲಿ.

ಗ್ರಾಫ್ ಎಳೆದರೆ ಫ ಮತ್ತು ಫ⁻¹ ಎರಡೂ ಬ = ಕ ಎಂಬ ಓರೆ ಗೆರೆಗೆ ಕನ್ನಡಿಯ ಪ್ರತಿಬಿಂಬಗಳು. ಇದು ಕಣ್ಣಿಗೆ ಕಾಣಬೇಕಾದರೆ ಎರಡೂ ಅಕ್ಷಗಳಿಗೆ ಒಂದೇ ಪ್ರಮಾಣ ಇರಬೇಕು, ಉದಾಹರಣೆಗೆ ಎರಡಕ್ಕೂ 1 ಸೆಂ.ಮೀ. = 1 ಮೂಲಮಾನ. ಹಾಳೆ ಸಾಲದೆಂದು ಒಂದು ಅಕ್ಷವನ್ನು ಕುಗ್ಗಿಸಿದರೆ ಕನ್ನಡಿ ಸೊಟ್ಟಗಾಗುತ್ತದೆ, ಲೆಕ್ಕ ಸರಿಯಿದ್ದರೂ ಚಿತ್ರ ಸುಳ್ಳು ಹೇಳುತ್ತದೆ. ಹಾಗೆಯೇ ಎರಡು ರೇಖೆಗಳೂ ಪರಸ್ಪರ ಲಂಬವಾಗಿರಬೇಕು ಎಂದು ಕೆಲವರು ಭಾವಿಸುತ್ತಾರೆ. ಲಂಬ ರೇಖೆಗಳ ಇಳಿಜಾರುಗಳ ಗುಣಲಬ್ಧ −1. ಇಲ್ಲಿ ಮ × 1/ಮ = 1. ವಿಲೋಮದಲ್ಲಿ ಇಳಿಜಾರಿನ ಚಿಹ್ನೆ ಬದಲಾಗುವುದಿಲ್ಲ: ಮೂಲ ರೇಖೆ ಏರುತ್ತಿದ್ದರೆ ವಿಲೋಮವೂ ಏರುತ್ತದೆ, ಇಳಿಯುತ್ತಿದ್ದರೆ ಅದೂ ಇಳಿಯುತ್ತದೆ. ಉತ್ತರ ಬರೆದ ಮೇಲೆ ಈ ಒಂದು ನೋಟವೇ ಎಷ್ಟೋ ಚಿಹ್ನೆಯ ತಪ್ಪುಗಳನ್ನು ಹಿಡಿದುಕೊಡುತ್ತದೆ.

ಕೆಲವು ಫಂಕ್ಷನ್‌ಗಳು ತಮಗೆ ತಾವೇ ವಿಲೋಮ. 10 − ಕ ನೋಡಿ: 3 ಕೊಟ್ಟರೆ 7, 7 ಕೊಟ್ಟರೆ 3. ಇಳಿಜಾರು −1 ಇರುವ ರೇಖೆಗಳೆಲ್ಲ ಹೀಗೇ. ಅಂಥ ಲೆಕ್ಕದಲ್ಲಿ ಉತ್ತರ ಪ್ರಶ್ನೆಯಂತೆಯೇ ಬಂತೆಂದು ಗಾಬರಿಯಾಗಿ ಹೊಡೆದುಹಾಕಬೇಡಿ.

ಇಳಿಜಾರು 1 ಅಲ್ಲದ ಯಾವ ರೇಖೆಯಾದರೂ ಕನ್ನಡಿಯ ಗೆರೆಯನ್ನು ಒಂದು ಕಡೆ ಮುಟ್ಟುತ್ತದೆ, ಅದರ ವಿಲೋಮವೂ ಅಲ್ಲೇ ಮುಟ್ಟಬೇಕು. ಆ ಬಿಂದು ಕಂಡುಹಿಡಿಯಲು ಫ(ಕ) = ಕ ಎಂದು ಹಾಕಿ. 3ಕ + 7 = ಕ ಎಂದರೆ ಕ = −3.5, ವಿಲೋಮಕ್ಕೆ ಹಾಕಿದರೂ (−3.5 − 7)/3 = −3.5. ಉಷ್ಣತೆಯ ಸೂತ್ರಕ್ಕೆ ಇದೇ ಮಾಡಿದರೆ 1.8ಕ + 32 = ಕ, ಅಂದರೆ 0.8ಕ = −32, ಕ = −40. ಸೆಲ್ಸಿಯಸ್ ಥರ್ಮಾಮೀಟರೂ ಫ್ಯಾರನ್‌ಹೀಟ್ ಥರ್ಮಾಮೀಟರೂ ಒಂದೇ ಸಂಖ್ಯೆ ತೋರಿಸುವ ಏಕೈಕ ಜಾಗ ಅದು.